ಲೈನಿನ ಮಾಲು

ಜುಲೈ ತಿಂಗಳ ಎರಡನೇ ಮಂಗಳವಾರ ಮಧ್ಯಾಹ್ನ ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ನನ್ನ ರಿಪೇರಿ ಮೇಜಿನ ಎದುರು ಒಬ್ಬರು ಬಂದು ನಿಂತರು. ಕೈಯಲ್ಲಿ ದುಪಟ್ಟಾದಲ್ಲಿ ಸುತ್ತಿದ ಪೊಟ್ಟಣ. ನಾನು ಫೋನ್ ಇಡುವವರೆಗೂ ಕಾದು, "ನೀವು ಕನ್ನಡದವರಾ?" ಎಂದು ಕೇಳಿದರು.

"ಹೌದು, ಹೇಳಿ ಮೇಡಂ."

"ಮೇಡಂ ಅಂದ್ರೆ ವಾಪಸ್ ಹೋಗ್ಬಿಡ್ತೀನಿ. ಬೆಳಗ್ಗೆಯಿಂದ ಮೂರು ಅಂಗಡಿಯವರು ಮೇಡಂ ಮೇಡಂ ಅಂತಾನೇ ಹೊರಗೆ ಕಳಿಸಿದ್ದಾರೆ."

ಹಾಗಾಗಿ ಮೊದಲ ದಿನದಿಂದಲೇ ನಾನು ಅವರನ್ನು ಅಕ್ಕ ಎಂದೆ. ನನಗಿಂತ ಆರೇಳು ವರ್ಷ ದೊಡ್ಡವರಿರಬೇಕು. ದೆಹಲಿಯ ಮುನಿರ್ಕಾದಲ್ಲಿ ಬಾಡಿಗೆ ಕೋಣೆ, ಹತ್ತಿರದ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ. ದುಪಟ್ಟಾ ಬಿಚ್ಚಿದರೆ ಒಳಗೆ ಹೊರಗಿನಿಂದ ಜೋಡಿಸುವ ಪೆಟ್ಟಿಗೆಯ ಹಾರ್ಡ್ ಡಿಸ್ಕ್. ಕೂಲರಿನ ವೈರಿಗೆ ಕಾಲು ಸಿಕ್ಕಿ ಎಡವಿದಾಗ ಅದು ಮೇಜಿನಿಂದ ನೆಲಕ್ಕೆ ಬಿದ್ದಿತ್ತು. ಬಿದ್ದಾಗ ಡಿಸ್ಕ್ ಚಾಲೂ ಇತ್ತು.

ನಾನು ಕರೆಂಟ್ ಕೊಟ್ಟು ಕಿವಿ ಹತ್ತಿರ ಹಿಡಿದೆ. ಒಳಗಿನ ತಟ್ಟೆ ತಿರುಗಲು ಶುರುವಾಯಿತು. ಟಕ್ ಎಂದಿತು. ಮತ್ತೆ ಟಕ್. ಹಾಗೇ ಕೆಲವು ಸಲ ಬಡಿದುಕೊಂಡು ನಿಂತಿತು. ತಕ್ಷಣ ವೈರ್ ಎಳೆದೆ.

"ಇನ್ನೊಂದ್ಸಲ ಹಾಕಿ ನೋಡಬಹುದಲ್ಲ?"

"ಬೇಡ ಅಕ್ಕ. ಹಾಕಿದಾಗೆಲ್ಲ ಒಳಗೆ ಏನೋ ಕೆಡ್ತಾ ಇರುತ್ತೆ."

ಡಿಸ್ಕಿನ ಒಳಗೆ ಕನ್ನಡಿಯಂಥ ತಟ್ಟೆ ಇರುತ್ತದೆ. ಅದರ ಮೇಲೆ ಒಂದು ಸಪೂರ ತೋಳು ಆಡುತ್ತದೆ. ತೋಳಿನ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಹೆಡ್. ಅದು ತಟ್ಟೆಯನ್ನು ಮುಟ್ಟುವುದಿಲ್ಲ, ತಿರುಗುವ ಗಾಳಿಯ ಮೇಲೆ ತೇಲುತ್ತ ಓದುತ್ತದೆ. ಹೆಡ್ ಏಟು ತಿಂದರೆ ದಾರಿ ಸಿಗದೆ ತೋಳು ಹೀಗೆ ಬಡಿದುಕೊಳ್ಳುತ್ತದೆ. ಬಂದ ಪ್ರತಿ ವಸ್ತುವನ್ನೂ ನಾನು ಡೈರಿಯಲ್ಲಿ ಬರೆಯುತ್ತಿದ್ದೆ: ತಾರೀಖು, ಸದ್ದು, ಮಾಡಿದ ಕೆಲಸ, ಫಲ. ಆ ವರ್ಷ ಹೀಗೆ ಬಡಿದುಕೊಳ್ಳುವ ಡಿಸ್ಕ್ ಅಲ್ಲಿಯವರೆಗೆ ಒಂಬತ್ತು ಬಂದಿದ್ದವು, ಎರಡು ಬದುಕಿದ್ದವು. ಲೆಕ್ಕವನ್ನು ಅಕ್ಕನಿಗೆ ಹೇಳಿದೆ.

"ಎರಡು ಬದುಕಿವೆ ತಾನೇ," ಎಂದರು ಅವರು.

ಒಳಗೇನಿದೆ ಎಂದು ಕೇಳಿದ್ದಕ್ಕೆ ಅವರು ಸ್ಟೂಲ್ ಎಳೆದುಕೊಂಡು ಕೂತರು. ಘಾಜಿಯಾಬಾದ್ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಇಟ್ಟಿಗೆ ಭಟ್ಟಿಗಳಿವೆ. ಚಳಿಗಾಲಕ್ಕೆ ಬಂದು ಮಳೆಯ ಮುಂಚೆ ಹೋಗುವ ಕುಟುಂಬಗಳು ಅಲ್ಲಿ ಮಣ್ಣು ತುಳಿದು ಇಟ್ಟಿಗೆ ಹಾಕುತ್ತವೆ. ಆ ಹೆಂಗಸರ ಮಾತನ್ನು ಅಕ್ಕ ಎರಡು ಸೀಸನ್ ಕೂತು ರೆಕಾರ್ಡ್ ಮಾಡಿದ್ದರು. ಮದುವೆ, ಮುಂಗಡ, ಹೆರಿಗೆ, ಸತ್ತ ಮಕ್ಕಳು. ಮೊದಲ ಸೀಸನ್ ಪೂರ್ತಿ ಯಾರೂ ಬಾಯಿ ಬಿಟ್ಟಿರಲಿಲ್ಲವಂತೆ. ಎರಡನೆಯದರ ಕೊನೆಯಲ್ಲಿ, ಅಕ್ಕ ತಾವೂ ಕೂತು ಇಟ್ಟಿಗೆ ಮಗುಚಲು ಕಲಿತ ಮೇಲೆ, ಒಬ್ಬೊಬ್ಬರೇ ಮಾತಾಡಿದರು. ರೆಕಾರ್ಡರಿನಲ್ಲಿ ಜಾಗ ಕಡಿಮೆ. ವಾರಕ್ಕೊಮ್ಮೆ ಡಿಸ್ಕಿಗೆ ಇಳಿಸಿ ಅಳಿಸುತ್ತಿದ್ದರು.

"ಸಿಡಿಗೆ ಹಾಕಿಡಲಿಲ್ವಾ?"

"ಹಾಕಿದ್ದೆ. ಡಬ್ಬಿಯಲ್ಲೇ ಅದರ ಬಣ್ಣ ಸಿಪ್ಪೆ ಥರ ಎದ್ದು ಬಂತು. ನಿಮ್ಮ ಮಾರ್ಕೆಟ್ಟಿನ ಫುಟ್‌ಪಾತಿನದೇ, ಸ್ವಾಮಿ."

ಪಕ್ಕದಲ್ಲೇ ಖಾಲಿ ಸಿಡಿ ಮಾರುವವನು ಕೂತಿದ್ದ. ನಾನು ಅವನ ಕಡೆ ನೋಡಲಿಲ್ಲ.

"ಅವರನ್ನ ಮತ್ತೆ ಕೇಳೋಕಾಗಲ್ವಾ ಅಕ್ಕ?"

"ಮಳೆ ಬಂತು, ಭಟ್ಟಿ ಮುಚ್ಚಿತು. ಕೂಲಿಗೆ ಕರೆತಂದ ಠೇಕೇದಾರ ಅವರನ್ನ ಲಾರಿ ಹತ್ತಿಸಿ ಕಳಿಸಿದ. ಮುಂದಿನ ಸಲ ಯಾವ ಭಟ್ಟಿಗೋ, ಯಾವ ರಾಜ್ಯಕ್ಕೋ. ನನಗಿರೋದು ಡಿಸೆಂಬರ್ ತನಕ. ಆಮೇಲೆ ಫೆಲೋಶಿಪ್ ಇಲ್ಲ, ಕೋಣೆ ಇಲ್ಲ." ದುಪಟ್ಟಾ ಮಡಚುತ್ತ ಹೇಳಿದರು, "ಬರೆದದ್ದೆಲ್ಲ ಅದರ ಮೇಲೆ ನಿಂತಿದೆ ಕಣೋ. ಅದು ಹೋದ್ರೆ ನಾನು ಬರೆದದ್ದನ್ನ ಯಾರೂ ನಂಬಬೇಕಾಗಿಲ್ಲ."

ನಮ್ಮದು ದಕ್ಷಿಣ ದೆಹಲಿಯ ಕಂಪ್ಯೂಟರ್ ಮಾರುಕಟ್ಟೆ. ಎತ್ತರದ ಕಟ್ಟಡಗಳು, ನಡುವೆ ಕಲ್ಲು ಹಾಸಿದ ಬಯಲು. ಮೇಲಿನ ಮಹಡಿಗಳಲ್ಲಿ ಗಾಜಿನ ಬಾಗಿಲಿನ ಅಂಗಡಿಗಳು, ಕೆಳಗೆ ನಾವು: ಇಂಕ್ ತುಂಬುವವರು, ಚಾರ್ಜರ್ ಮಾರುವವರು, ಮದರ್‌ಬೋರ್ಡ್ ಸುಡುವವರು, ಸರಿ ಮಾಡುವವರು. ಒಂದು ಮೆಟ್ಟಿಲಿನ ಪಕ್ಕ ಉಸ್ತಾದರ ಮೇಜು. ನಾನು ಹಾರ್ಡ್‌ವೇರ್ ಕೋರ್ಸ್ ಮುಗಿಸಿ ಕೆಲಸ ಸಿಗದೆ ಅಲೆಯುವಾಗ ಅವರು ಮೇಜಿನ ಅರ್ಧ ಬಿಟ್ಟುಕೊಟ್ಟಿದ್ದರು. ಮೇರಠಿನವರು. ರೇಡಿಯೋ ಕಾಲದಿಂದ ಬೆಸುಗೆ ಹಾಕುತ್ತ ಬಂದವರು.

ಹಳೆಯ ಡಿಸ್ಕಿಗೆ ಹೊಸ ಸ್ಟಿಕರ್ ಹಚ್ಚುವುದು ಇಲ್ಲಿ ಗುಟ್ಟಲ್ಲ, ಆದರೆ ಗಿರಾಕಿಗೆ ಹೇಳುವ ಮಾತೂ ಅಲ್ಲ. ಆಫೀಸುಗಳು ಎಸೆದ ಕಂಪ್ಯೂಟರುಗಳು ಲಾರಿಯಲ್ಲಿ ಬರುತ್ತವೆ. ಡಿಸ್ಕ್ ಬಿಚ್ಚಿ, ಥಿನ್ನರಿನಿಂದ ಒರೆಸಿ, ಈಚಿನ ತಾರೀಖಿನ ಸ್ಟಿಕರ್ ಮುದ್ರಿಸಿ ಹಚ್ಚಿ, ಬೆಳ್ಳಿ ಬಣ್ಣದ ಚೀಲಕ್ಕೆ ಹಾಕಿದರೆ ಅದು ಹೊಸದು. ಆದರೆ ಇಲ್ಲಿ ದುಡಿಯುವವರು ತಮ್ಮತಮ್ಮೊಳಗೆ ಹಾಗೆ ಮಾಡುವುದಿಲ್ಲ. ಯಾರ ಮೇಜಿನಿಂದ ಬಂದೆ ಎಂದು ಹೇಳಿದರೆ ಹಿಂದಿನ ಮೂಟೆಯಿಂದ ಮಾಲು ಬರುತ್ತದೆ, ಹುಟ್ಟಿದಾಗಿನ ಸ್ಟಿಕರಿನೊಂದಿಗೆ, ಅದರ ಕಾಯಿಲೆಯನ್ನೂ ಹೇಳಿಯೇ ಕೊಡುತ್ತಾರೆ. ಅದಕ್ಕೆ ಲೈನಿನ ಮಾಲು ಎನ್ನುತ್ತಾರೆ. ಲೈನಿನ ಮಾಲನ್ನು ಯಾರೂ ಪರೀಕ್ಷಿಸುವುದಿಲ್ಲ. ಪರೀಕ್ಷಿಸಿದರೆ ಅವಮಾನ. "ಒಂದೇ ತಟ್ಟೆಯಲ್ಲಿ ಉಣ್ಣುವವನ ಅನ್ನ ಮೂಸಿ ನೋಡಿದ ಹಾಗೆ," ಎನ್ನುತ್ತಿದ್ದರು ಉಸ್ತಾದ್.

ಮೊದಲು ಸುಲಭದ್ದನ್ನು ಮಾಡಿದೆ. ಡಿಸ್ಕಿನ ತಳದ ಹಸಿರು ಬೋರ್ಡ್ ಕೆಟ್ಟಿದ್ದರೂ ಕೆಲವೊಮ್ಮೆ ಇದೇ ಸದ್ದು ಬರುತ್ತದೆ. ನಮ್ಮ ಡಬ್ಬಿಯಲ್ಲಿದ್ದ ಅದೇ ಮಾದರಿಯ ಬೋರ್ಡ್ ಬಿಚ್ಚಿ ಇದಕ್ಕೆ ಹಾಕಿದೆ. ಟಕ್, ಟಕ್. ತೋಳಿನ ಸಂಪರ್ಕದ ಬಿಂದುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿದೆ. ಅದೇ. ಬುಧವಾರ, ಗುರುವಾರ ಎರಡೂ ದಿನ ಡೈರಿಯಲ್ಲಿ ಒಂದೇ ಸಾಲು: ಬೋರ್ಡ್ ಅಲ್ಲ, ಹೆಡ್.

ಹೆಡ್ ಎಂದರೆ ಡಿಸ್ಕ್ ತೆರೆಯಬೇಕು. ಉಸ್ತಾದ್ ಬೆಸುಗೆಯ ಕಡ್ಡಿ ಕೆಳಗಿಟ್ಟು ಹೇಳಿದರು: "ಬೋರ್ಡ್ ಬದಲಾಯಿಸೋದು ದರ್ಜಿ ಕೆಲಸ ಬೇಟಾ. ಇದು ಕಣ್ಣಿನ ಆಪರೇಷನ್. ಒಂದ್ಸಲ ನಾವು ತೆರೆದರೆ ಆಮೇಲೆ ಯಾವ ಲ್ಯಾಬಿನವನೂ ಮುಟ್ಟಲ್ಲ. ಆ ಹುಡುಗಿಗೆ ಇದನ್ನ ಹೇಳು. ಎರಡು ಸಲ ಹೇಳು."

ಎರಡು ಸಲ ಹೇಳಿದೆ. ಗುಡಗಾಂವಿನಲ್ಲಿ ಇಂಥದ್ದಕ್ಕೇ ಒಂದು ಕಂಪನಿ ಇದೆ, ಧೂಳಿಲ್ಲದ ಕೋಣೆ ಇದೆ, ಅಲ್ಲಿಗೆ ಹೋಗಿ ಎಂದೆ. ಅಕ್ಕ ಹೋದರು. ಮೊದಲ ಸಲ ಅವರು ಹೇಳಿದ ಮೊತ್ತ ಕೇಳಿ ಸುಮ್ಮನೆ ವಾಪಸಾದರು. ವಿಭಾಗದಲ್ಲಿ ಅರ್ಜಿ ಕೊಟ್ಟರು; ರಿಪೇರಿಗೆ ನಮ್ಮಲ್ಲಿ ಬಾಬತ್ತಿಲ್ಲ, ಹೊಸ ಡಿಸ್ಕ್ ಬೇಕಾದರೆ ಕೊಡಿಸುತ್ತೇವೆ ಎಂದರಂತೆ. ಎರಡನೇ ಸಲ ಕಂತಿನಲ್ಲಿ ಕೊಡಬಹುದೇ ಎಂದು ಕೇಳಿದ್ದಕ್ಕೆ ಕೌಂಟರಿನ ಹುಡುಗಿ ನಕ್ಕಳಂತೆ. ಹತ್ತು ದಿನ ಹೀಗೆ ಓಡಾಡಿ ಒಂದು ಗುರುವಾರ ಮತ್ತೆ ನಮ್ಮ ಸ್ಟೂಲಿನ ಮೇಲೆ ಬಂದು ಕೂತರು.

"ನೀನೇ ತೆಗಿ," ಎಂದರು.

"ಅಕ್ಕ, ಒಂಬತ್ತರಲ್ಲಿ ಎರಡು ಅಂದಿದ್ದೆ."

"ಗೊತ್ತು. ನನ್ನ ಹತ್ರ ಈಗ ಸೊನ್ನೆ ಇದೆ. ಎರಡು ಜಾಸ್ತಿನೇ."

ಹೆಡ್ ಬದಲಿಸಲು ಅದರದೇ ಒಡಹುಟ್ಟಿನಂಥ ಇನ್ನೊಂದು ಡಿಸ್ಕ್ ಬೇಕು. ಕಂಪನಿ, ಮಾದರಿ ಒಂದೇ ಆದರೆ ಸಾಲದು. ಯಾವ ಕಾರ್ಖಾನೆ, ಯಾವ ತಿಂಗಳು, ಒಳಗಿನ ತಂತ್ರಾಂಶದ ಯಾವ ಸಂಖ್ಯೆ, ಎಲ್ಲವೂ ಹೊಂದಬೇಕು. ಹೊರಗಿನಿಂದ ಒಂದೇ ಥರ ಕಾಣುವ ಎರಡು ಡಿಸ್ಕುಗಳ ತೋಳು ಕೂದಲೆಳೆಯಷ್ಟು ಬೇರೆ ಇರಬಹುದು. ಇದೆಲ್ಲ ಸ್ಟಿಕರಿನ ಮೇಲೆ ಬರೆದಿರುತ್ತದೆ. ಅಕ್ಕನ ಡಿಸ್ಕಿನ ಸ್ಟಿಕರ್ ನೋಡಿ ಆ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದೆ.

ನಾನೇ ಹೋಗಿ ತರಬೇಕಿತ್ತು. ಆದರೆ ಆ ವಾರ ಉಸ್ತಾದ್ ತಂಗಿಗೆ ಕಾಯಿಲೆಯೆಂದು ಮೇರಠಿಗೆ ಹೋಗಿದ್ದರು. ಅದೇ ವಾರ ಫುಟ್‌ಪಾತ್ ತೆರವು ಮಾಡುವ ಕಮೇಟಿಯ ಗಾಡಿ ದಿನಕ್ಕೆರಡು ಸಲ ಬರುತ್ತಿತ್ತು. ಆಳಿಲ್ಲದ ಮೇಜನ್ನು ಅವರು ಮೇಲಿದ್ದ ಸಾಮಾನಿನ ಸಮೇತ ಎತ್ತಿ ಗಾಡಿಗೆ ಎಸೆಯುತ್ತಾರೆ. ನನ್ನ ಮೇಜಿನ ಮೇಲೆ ಬೇರೆಯವರ ಮೂರು ಲ್ಯಾಪ್‌ಟಾಪ್ ಹೊಟ್ಟೆ ತೆರೆದುಕೊಂಡು ಕೂತಿದ್ದವು.

"ಅಕ್ಕ, ಹಿಂದಿನ ಕಟ್ಟಡದ ಮೆಟ್ಟಿಲ ಕೆಳಗೆ ಹಸಿರು ಟಾರ್ಪಾಲು ಕಟ್ಟಿಕೊಂಡು ಒಬ್ಬ ಡಿಸ್ಕ್‌ವಾಲಾ ಕೂರ್ತಾನೆ. ಈ ಚೀಟಿ ತೋರಿಸಿ. ಉಸ್ತಾದರ ಮೇಜಿಂದ ಬಂದೆ ಅಂತ ಹೇಳಿ."

"ಹಾಗಂದ್ರೆ ರೇಟ್ ಕಡಿಮೆ ಮಾಡ್ತಾನಾ?"

ಆಗ ನಾನು ವಿಷಯ ಹೇಳಬಹುದಿತ್ತು. ಆದರೆ ಹೇಳಿದರೆ ಇಡೀ ಮಾರುಕಟ್ಟೆಯ ಸ್ಟಿಕರಿನ ಮಾತು ಹೇಳಬೇಕು. ಸಿಡಿಯ ವಿಷಯದಲ್ಲಿ ಒಮ್ಮೆ ಚುಚ್ಚಿಸಿಕೊಂಡಾಗಿತ್ತು. "ಹೂಂ, ಹಾಗೇ ಅಂದ್ಕೊಳ್ಳಿ," ಎಂದೆ. ಅಷ್ಟರಲ್ಲಿ ಬಯಲಿನ ಆ ತುದಿಯಲ್ಲಿ ಯಾರೋ ಶಟರಿಗೆ ಮೂರು ಏಟು ಹೊಡೆದರು. "ಕಮೇಟಿ! ಕಮೇಟಿ!" ಚಾದರದ ನಾಲ್ಕು ಮೂಲೆ ಎಳೆದು ಜನ ಓಡತೊಡಗಿದರು. ನಾನು ಲ್ಯಾಪ್‌ಟಾಪುಗಳನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದೆ. ತಿರುಗಿ ನೋಡಿದಾಗ ಅಕ್ಕ ಚೀಟಿ ಹಿಡಿದು ಗುಂಪಿನ ವಿರುದ್ಧ ನಡೆದು ಹೋಗುತ್ತಿದ್ದರು.

ಗಾಡಿ ಹೋಗಿ ನಾನು ಮೇಜು ಹಾಕುವ ಹೊತ್ತಿಗೆ ಬಂದರು. ಬೆವರಿನ ಮುಖದಲ್ಲಿ ನಗು.

"ಅರ್ಧಕ್ಕೆ ಇಳಿಸಿದೆ ನೋಡು! ಮುನಿರ್ಕಾದಲ್ಲಿ ನಾಲ್ಕು ವರ್ಷ ತರಕಾರಿ ಕೊಂಡಿದ್ದಕ್ಕೆ ಇಷ್ಟಾದರೂ ಬರಬೇಕಲ್ಲ. ಮೊದಲು ಇಲ್ಲ ಅಂದ. ನಾನು ಹೊರಟೆ. ಆಮೇಲೆ, ರುಕಿಯೇ ಮೇಡಂ, ಒಳಗೆ ಹುಡುಕಿಸ್ತೀನಿ, ಚಾಯ್ ಕುಡಿದು ಬನ್ನಿ ಅಂದ. ಕುಡಿದು ಬರೋ ಹೊತ್ತಿಗೆ ಸಿಕ್ಕಿತ್ತು."

ಚೀಟಿಯನ್ನೂ ಡಿಸ್ಕನ್ನೂ ಅಕ್ಕಪಕ್ಕ ಇಟ್ಟೆ. ಕಾರ್ಖಾನೆಯ ಅಕ್ಷರ, ತಿಂಗಳು, ಸಂಖ್ಯೆ, ಒಂದೂ ತಪ್ಪಿಲ್ಲದೆ ಕೂಡಿಬಂದಿದ್ದವು. ಇಷ್ಟು ಹೊಂದುವ ಜೋಡಿ ನನಗೆ ಅದುವರೆಗೆ ಸಿಕ್ಕಿರಲಿಲ್ಲ. ಬದುಕಿದ್ದ ಆ ಎರಡಕ್ಕೂ ಒಂದಲ್ಲ ಒಂದು ಕೊರತೆ ಇತ್ತು. ನನಗೂ ನಗು ಬಂತು.

ಭಾನುವಾರ ಮಾರುಕಟ್ಟೆಗೆ ರಜೆ. ಜನ ನಡೆಯದಿದ್ದರೆ ಧೂಳೂ ಏಳುವುದಿಲ್ಲ. ಶನಿವಾರ ಸಂಜೆ ಉಸ್ತಾದ್ ವಾಪಸು ಬಂದಿದ್ದರು. ಎರಡನೇ ಮಹಡಿಯಲ್ಲಿ ಅವರ ಪರಿಚಯದವರ ಗೋದಾಮಿನ ಕೋಣೆಯ ಬೀಗದ ಕೈ ತಂದಿದ್ದರು. ಬೆಳಗ್ಗೆ ನಾನೂ ಅವರೂ ನೆಲ, ಗೋಡೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆವು. ಫ್ಯಾನ್ ಹಾಕುವಂತಿಲ್ಲ. ವಿದ್ಯುತ್ ಕೆಟಲಿನಲ್ಲಿ ನೀರು ಕುದಿಸಿ ಕೋಣೆಗೆ ಹಬೆ ಬಿಟ್ಟೆವು. ಹಬೆ ತಣಿಯುವಾಗ ಗಾಳಿಯಲ್ಲಿರುವ ಧೂಳನ್ನೂ ಕೆಳಗಿಳಿಸುತ್ತದೆ. ಮೀನು ಸಾಕುವ ಗಾಜಿನ ತೊಟ್ಟಿಯೊಂದನ್ನು ಅಡ್ಡ ಮಲಗಿಸಿ, ತೆರೆದ ಬದಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಕೈ ತೂರಿಸಲು ಎರಡು ತೂತು ಮಾಡಿದ್ದೆವು. ಅದೇ ನಮ್ಮ ಆಪರೇಷನ್ ಥಿಯೇಟರ್. ಅಕ್ಕ ತಲೆಗೆ ದುಪಟ್ಟಾ ಕಟ್ಟಿಕೊಂಡು ಬಾಗಿಲ ಹತ್ತಿರ ಕೂತಿದ್ದರು. ಜುಲೈ ಕೊನೆಯ ಸೆಕೆ; ಮೂವರ ಬಟ್ಟೆಯೂ ಮೈಗೆ ಅಂಟಿತ್ತು.

ತಂದ ಡಿಸ್ಕನ್ನು ಉಸ್ತಾದ್ ಕೈಯಲ್ಲಿ ತಿರುಗಿಸಿ ನೋಡಿದರು. "ಲೈನಿನ ಮಾಲಾ?"

"ಹೌದು ಉಸ್ತಾದ್. ಹಸಿರು ಟಾರ್ಪಾಲಿನವನದು."

ಅವರು ಮತ್ತೆ ಕೇಳಲಿಲ್ಲ. ಯುಎಸ್‌ಬಿ ಅಡಾಪ್ಟರಿಗೆ ಹಾಕಿ ಚಾಲೂ ಮಾಡಿದೆ. ಸದ್ದಿಲ್ಲದೆ ತಿರುಗಿತು, ಸರಾಗ ಓದಿತು. ಒಳಗಿನ ತಂತ್ರಾಂಶದ ನಿಜವಾದ ಸಂಖ್ಯೆ ಆ ಅಡಾಪ್ಟರಿನಲ್ಲಿ ಕಾಣುವುದಿಲ್ಲ. ಅದನ್ನು ನೋಡಬೇಕಾದರೆ ಡಿಸ್ಕನ್ನು ಕಂಪ್ಯೂಟರಿಗೆ ನೇರ ಜೋಡಿಸಬೇಕು. ಕಂಪ್ಯೂಟರ್ ಅಲ್ಲೇ, ನನ್ನ ಮೊಣಕೈ ಪಕ್ಕದಲ್ಲಿತ್ತು. ಲೈನಿನ ಮಾಲು ಎಂದು ನಾನೇ ಹೇಳಿದ್ದೆನಲ್ಲ. ಜೋಡಿಸುವ ಯೋಚನೆಯೇ ಬರಲಿಲ್ಲ.

ಮೊದಲು ತಂದ ಡಿಸ್ಕಿನ ಮುಚ್ಚಳ. ನಕ್ಷತ್ರದ ತಲೆಯ ಚಿಕ್ಕ ಸ್ಕ್ರೂಗಳನ್ನು ಬಿಚ್ಚಿ, ಅಯಸ್ಕಾಂತ ಎತ್ತಿದೆ. ಅದು ಸ್ಕ್ರೂಡ್ರೈವರನ್ನು ಎಳೆದುಕೊಳ್ಳುತ್ತದೆ, ಮಣಿಕಟ್ಟು ಬಿಗಿ ಹಿಡಿದಿರಬೇಕು. ಹೆಡ್‌ಗಳು ಒಂದಕ್ಕೊಂದು ತಾಗದಂತೆ ನಡುವೆ ಪಾರದರ್ಶಕ ಹಾಳೆಯ ಪಟ್ಟಿ ತೂರಿಸಿ, ತೋಳನ್ನು ಹೊರಗೆ ತಂದು ಬಟ್ಟಲಲ್ಲಿಟ್ಟೆ. ಆಮೇಲೆ ಅಕ್ಕನ ಡಿಸ್ಕ್. ತಟ್ಟೆಯ ಮೇಲೆ ಗೀರಿಲ್ಲ. "ಸಾಫ್ ಹೈ," ಎಂದರು ಉಸ್ತಾದ್, ಹಿಂದಿನಿಂದ ಟಾರ್ಚ್ ಹಿಡಿದು. ಹಳೆಯ ತೋಳಿನ ತುದಿ ಬಾಗಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಅದನ್ನು ತೆಗೆದು ಹೊಸತನ್ನು ಕೂರಿಸಿ, ಪಟ್ಟಿಯನ್ನು ಉಸಿರು ಹಿಡಿದು ಎಳೆದೆ. ಹೆಡ್ ಎಲ್ಲೂ ತಾಗಲಿಲ್ಲ. ಅದನ್ನು ಡೈರಿಯಲ್ಲೂ ಬರೆದಿದ್ದೇನೆ, ಎಲ್ಲೂ ತಾಗಲಿಲ್ಲ ಎಂದು.

ಮುಚ್ಚಳ ಹಾಕಿ ಕಂಪ್ಯೂಟರಿಗೆ ಜೋಡಿಸಿ ಕರೆಂಟ್ ಕೊಟ್ಟೆ. ತಟ್ಟೆ ತಿರುಗಿತು. ಟಕ್ ಎನ್ನಲಿಲ್ಲ. ಪರದೆಯ ಮೇಲೆ ಡಿಸ್ಕ್ ಕಾಣಿಸಿತು. ತೆರೆದೆ. ಒಂದರ ಕೆಳಗೊಂದು ಹಳದಿ ಫೋಲ್ಡರುಗಳು, ಒಂದೊಂದಕ್ಕೂ ಒಬ್ಬ ಹೆಂಗಸಿನ ಹೆಸರು.

ಅಕ್ಕ ಎದ್ದು ಬಂದಿದ್ದರು. "ಫೂಲಮತಿ," ಎಂದು ಓದಿದರು. "ಸುಖಿಯಾ. ರಾಮದುಲಾರಿ. ಅಯ್ಯೋ, ಬಡೀ ಸುಖಿಯಾನೂ ಇದಾಳೆ..." ಉಸ್ತಾದ್ ಮೇಲೆ ನೋಡಿ ಏನೋ ಗೊಣಗಿದರು. ನಾನು ಎಲ್ಲವನ್ನೂ ಆರಿಸಿ ನಕಲು ಮಾಡಲು ಕೊಟ್ಟೆ.

ಹಸಿರು ಪಟ್ಟಿ ಸ್ವಲ್ಪ ಸರಿಯಿತು. ನಿಂತಿತು. ಆಮೇಲೆ ಸ್ಟೀಲ್ ತಟ್ಟೆಯ ಮೇಲೆ ಚಾಕು ಎಳೆದಂಥ ಒಂದು ಸಣ್ಣ ಸದ್ದು, ಜೋರಿಲ್ಲ, ಒಂದೇ ಸಮ. ನಾನು ವೈರ್ ಎಳೆಯುವಷ್ಟರಲ್ಲಿ ಅದು ಏರಿ ಇಳಿದು ನಿಂತಿತು.

"ಏನಾಯ್ತು?" ಎಂದರು ಅಕ್ಕ.

ನಾನು ಮುಚ್ಚಳ ಬಿಚ್ಚಿದೆ. ಈ ಸಲ ಗಾಜಿನ ತೊಟ್ಟಿಯೊಳಗೆ ಇಡಲಿಲ್ಲ; ಉಸ್ತಾದ್ ಇಡು ಎನ್ನಲೂ ಇಲ್ಲ. ಕನ್ನಡಿಯಂಥ ತಟ್ಟೆಯ ಮೇಲೆ ಒಂದು ಬೂದು ಉಂಗುರ. ಒಳಗಿನ ಮೂಲೆಗಳಲ್ಲಿ ಸೀಸದ ಕಡ್ಡಿ ಕೆತ್ತಿದಂಥ ಪುಡಿ. ಆ ಪುಡಿಯೇ ಅವರ ರೆಕಾರ್ಡಿಂಗು ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಉಸ್ತಾದ್ ತಂದ ಡಿಸ್ಕಿನ ಚಿಪ್ಪನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಸ್ಟಿಕರಿನ ಮೂಲೆಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದರು. ಅದು ಸುರುಳಿಯಾಗಿ ಎದ್ದು ಬಂತು. ಕೆಳಗೆ ಇನ್ನೊಂದು ಸ್ಟಿಕರ್, ಹಳದಿಯಾಗಿ ಅರ್ಧ ಅಳಿಸಿದ್ದು. ಅದೇ ಮಾದರಿ. ಬೇರೆ ಕಾರ್ಖಾನೆ, ಎರಡು ವರ್ಷ ಹಳೆಯದು.

ಅವರು ನನ್ನನ್ನು ಬಯ್ಯಲಿಲ್ಲ. ಅಕ್ಕನ ಕಡೆ ತಿರುಗಿ ಮೆಲ್ಲಗೆ ಹಿಂದಿಯಲ್ಲಿ ಕೇಳಿದರು: "ಬೇಟಿ, ಅಲ್ಲಿ ನಮ್ಮ ಮೇಜಿನ ಹೆಸರು ಹೇಳಿದೆಯಾ?"

ಅಕ್ಕ ನನ್ನನ್ನು ನೋಡಿದರು. "ಇಲ್ಲ," ಎಂದರು ಕನ್ನಡದಲ್ಲಿ. "ನೀನು ಹೂಂ ಅಂದಿದ್ರೂ, ಹೇಳಿದ್ರೆ ನಿಮ್ಮ ಕಮಿಷನ್ ಸೇರಿಸಿ ಹೇಳ್ತಾನೆ ಅಂದ್ಕೊಂಡೆ. ಎಲ್ಲ ಕಡೆ ಹಾಗೇ ಅಲ್ವಾ? ಆಟೋದವರು ಕರ್ಕೊಂಡು ಹೋದ ಅಂಗಡಿಯಲ್ಲಿ..." ಅಲ್ಲಿಗೆ ನಿಲ್ಲಿಸಿದರು. "ಹೇಳಿದ್ರೆ ಏನಾಗ್ತಿತ್ತು?"

ಆಗ ಹೇಳಿದೆ. ಸ್ಟಿಕರಿನ ಮಾತು, ಗಿರಾಕಿ ಮಾಲು, ಲೈನಿನ ಮಾಲು, ಎಲ್ಲವನ್ನೂ. ಹೇಳುತ್ತ ಹೋದಂತೆ ಅದು ಎಷ್ಟು ಚಿಕ್ಕ ವಿಷಯ ಎನಿಸಿತು. ಗುರುವಾರ ಅರ್ಧ ನಿಮಿಷ ಸಾಕಿತ್ತು.

"ಅದನ್ನ ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲೋ," ಎಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. "ನಾನು ಅರ್ಧಕ್ಕೆ ಇಳಿಸಿದೆ ಅಂತ ಕುಣಿದಾಡಿದೆ."

ನಕಲಾದ ಜಾಗವನ್ನು ಆಮೇಲೆ ತೆರೆದು ನೋಡಿದೆವು. ಒಂದೇ ಒಂದು ಫೈಲ್ ಪೂರ್ತಿ ಬಂದಿತ್ತು, ಮೊಟ್ಟಮೊದಲಿನದು. ಹಾಕಿದಾಗ ದೂರದಲ್ಲಿ ಪಂಪ್‌ಸೆಟ್ಟಿನ ಸದ್ದು, ನಾಯಿ ಬೊಗಳಿದ್ದು, ಆಮೇಲೆ ಅಕ್ಕನದೇ ದನಿ: "ಹಲೋ, ಹಲೋ. ಕೇಳಿಸ್ತಾ ಇದೆಯಾ? ಒಂದು, ಎರಡು, ಮೂರು." ಅಷ್ಟೇ. ಅಕ್ಕ ಅದನ್ನು ಅಳಿಸಲು ಹೇಳಿದರು. ಅಳಿಸಿದೆ.

ಸೋಮವಾರ ನಾನೂ ಉಸ್ತಾದರೂ ಹಸಿರು ಟಾರ್ಪಾಲಿನ ಕೆಳಗೆ ಹೋದೆವು. ಡಿಸ್ಕ್‌ವಾಲಾ ಉಸ್ತಾದರನ್ನು ಕಂಡು ಎದ್ದು, ಕೂತಿದ್ದ ಡಬ್ಬವನ್ನು ಬಟ್ಟೆಯಿಂದ ಒರೆಸಿ ಕೊಟ್ಟ. ಉಸ್ತಾದ್ ಕೂರಲಿಲ್ಲ. ಚಿಪ್ಪನ್ನು ಅವನ ಕೈಗಿಟ್ಟರು. ಅವನು ಎದ್ದುಬಂದ ಸ್ಟಿಕರನ್ನೂ ಅದರ ಕೆಳಗಿದ್ದುದನ್ನೂ ನೋಡಿದ, ಅರ್ಥವಾಯಿತು.

"ಆ ಮದ್ರಾಸಿ ಮೇಡಂ ನಿಮ್ಮವರಾ?"

"ಚೀಟಿಯ ಅಕ್ಷರ ಯಾರದು ಅಂತ ನೋಡಲಿಲ್ವಾ?" ಎಂದೆ ನಾನು.

"ಅರೇ ಭಾಯಿ, ದಿನಕ್ಕೆ ಇಪ್ಪತ್ತು ಚೀಟಿ ಬರುತ್ತೆ. ಅಕ್ಷರ ನೋಡ್ತಾ ಕೂರಲಾ? ಗಿರಾಕಿ ಥರ ಬಂದಳು, ಗಿರಾಕಿ ಥರ ಜಗಳ ಆಡಿದಳು. ಅಷ್ಟು ಇಳಿಸಿದ ಮೇಲೆ ಗಿರಾಕಿ ಮಾಲೇ ಕೊಡೋದು. ಚೀಟಿಯಲ್ಲಿ ಏನಿತ್ತೋ ಅದನ್ನೇ ಛಾಪಿಸಿ ಹಚ್ಚಿಸಿದೆ. ಒಂದು ಮಾತು ಹೇಳಿದ್ರೆ..." ಅವನ ದನಿ ಇಳಿಯಿತು. "ಸತ್ತಿದ್ಯಾವುದು? ಫೋಟೋನಾ?"

"ಆವಾಜ್," ಎಂದರು ಉಸ್ತಾದ್.

ಅವನು ಹಿಂದಕ್ಕೆ ತಿರುಗಿ, ಒಂದು ಗೋಣಿ ಎಳೆದು ಕೈ ಹಾಕಿ ತಡಕಾಡಿದ. ಒಂದು ಡಿಸ್ಕ್ ತೆಗೆದು ನನ್ನ ಮುಂದೆ ಹಿಡಿದ. ಮಾಸಿದ, ಮೂಲೆ ಹರಿದ, ಹುಟ್ಟಿದಾಗಿನ ಸ್ಟಿಕರ್. ಕಾರ್ಖಾನೆ ಅದೇ, ಸಂಖ್ಯೆ ಅದೇ, ತಿಂಗಳು ಒಂದು ಮುಂದೆ. ಅಕ್ಕ ಚಾಯ್ ಕುಡಿಯುತ್ತಿದ್ದಾಗಲೂ ಅದು ಆ ಗೋಣಿಯಲ್ಲೇ ಇತ್ತು.

"ತಗೊಂಡು ಹೋಗು. ದುಡ್ಡು ಬೇಡ," ಎಂದ.

ಉಸ್ತಾದ್ ನನ್ನ ಭುಜ ಹಿಡಿದು ತಿರುಗಿಸಿದರು. "ಚಲೋ ಬೇಟಾ." ದಾರಿಯಲ್ಲಿ ಅವರು ಒಂದೇ ಮಾತು ಆಡಿದರು: ಆ ಮಾಲನ್ನು ನಾನೂ ನೋಡಬೇಕಿತ್ತು, ವಯಸ್ಸಾಯಿತು. ಆಮೇಲೆ ಬಡಿದುಕೊಳ್ಳುವ ಡಿಸ್ಕ್ ಬಂದರೆ ತೆರೆಯುವುದನ್ನು ಬಿಟ್ಟೆವು. ಗುಡಗಾಂವಿನ ವಿಳಾಸ ಬರೆದು ಕೊಡುತ್ತಿದ್ದೆವು. ಹೋದವರಲ್ಲಿ ಹೆಚ್ಚಿನವರು ಅಕ್ಕನ ಹಾಗೆ ಮೊತ್ತ ಕೇಳಿ ಮರಳಿ ಬಂದು, ಹೊಸ ಡಿಸ್ಕ್ ಕೊಂಡು ಹೋದರು.

ಆಗಸ್ಟ್, ಸೆಪ್ಟೆಂಬರ್ ಕಳೆದವು. ಅಕ್ಕ ಬರಲಿಲ್ಲ. ನವೆಂಬರಿನಲ್ಲಿ ಒಂದು ದಿನ ಫೋನ್ ಮಾಡಿದರು. ಭಟ್ಟಿಗಳು ಶುರುವಾಗಿವೆಯಂತೆ, ಭಾನುವಾರ ಹೋಗುತ್ತೇನೆ, ಜೊತೆಗೆ ಬರುತ್ತೀಯಾ ಎಂದರು. ಯಾಕೆ ನಾನು ಎಂದು ಕೇಳಲಿಲ್ಲ. "ಒಬ್ಬಳೇ ಹೋಗಿ ಒಬ್ಬಳೇ ವಾಪಸ್ ಬರೋದು ಬೇಡ ಅನ್ನಿಸ್ತಿದೆ," ಎಂದು ಅವರೇ ಹೇಳಿದರು. ರೆಕಾರ್ಡರ್ ತಿಂಗಳುಗಟ್ಟಲೆ ಮುಟ್ಟಿಲ್ಲ, ಒಮ್ಮೆ ನೋಡಿಕೊಡು ಎಂದು ಬಸ್ ನಿಲ್ದಾಣದಲ್ಲೇ ನನ್ನ ಕೈಗೆ ಕೊಟ್ಟರು. ಸೆಲ್ ಬದಲಿಸಿ, ಒಮ್ಮೆ ಮಾತಾಡಿ ಕೇಳಿ, ಕೊಟ್ಟೆ.

ಘಾಜಿಯಾಬಾದಿನವರೆಗೆ ಬಸ್, ಅಲ್ಲಿಂದ ಜನ ತುಂಬಿದ ಟೆಂಪೋ, ಆಮೇಲೆ ಹೊಲದ ಬದುವಿನ ಮೇಲೆ ನಡಿಗೆ. ಚಿಮಣಿಯಿಂದ ಹೊಗೆ ಆಗಲೇ ಏಳುತ್ತಿತ್ತು. ಭಟ್ಟಿಯ ಲೆಕ್ಕ ಬರೆಯುವ ಮುನ್ಷಿ ಅಕ್ಕನ ಗುರುತು ಹಿಡಿದ. ಫೂಲಮತಿ ಎಲ್ಲಿ, ಸುಖಿಯಾ ಎಲ್ಲಿ ಎಂದು ಅಕ್ಕ ಕೇಳಿದರು. ಅವನು ನಕ್ಕ. "ಮೇಡಂ ಜಿ, ನಾವು ಹೆಸರು ಇಟ್ಟುಕೊಳ್ಳಲ್ಲ. ಹೋದ ವರ್ಷದ ಠೇಕೇದಾರ ತನ್ನ ಜನಾನ ಪಂಜಾಬಿಗೆ ಒಯ್ದ ಅಂತಾರೆ, ಹರಿಯಾಣ ಅಂತಾನೂ ಅಂತಾರೆ. ಇವರೆಲ್ಲ ಹೊಸ ಲಾಟು."

ಹೊಸ ಲಾಟಿನವರು ಮಣ್ಣಿನ ಸಾಲುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಇಟ್ಟಿಗೆ ಹಾಕುತ್ತಿದ್ದರು. ಅಕ್ಕ ಸಾಲುಗಳ ನಡುವೆ ನಡೆದರು. ಒಂದೊಂದು ಮುಖವನ್ನೂ ನೋಡುತ್ತ ಕೊನೆಯವರೆಗೂ ಹೋಗಿ ತಿರುಗಿ ಬಂದರು. ನಂತರ ಒಂದು ಸಾಲಿನ ತುದಿಯಲ್ಲಿ ಕೂತು ಚೀಲದಿಂದ ರೆಕಾರ್ಡರ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಗುಂಡಿ ಒತ್ತಿದ್ದು ನೋಡಿದೆ. ಆದರೆ ಮಾತು ಶುರುಮಾಡಲಿಲ್ಲ.

ಹತ್ತಿರದಲ್ಲಿದ್ದ ಹೆಂಗಸೊಬ್ಬಳು ಅಚ್ಚನ್ನು ಮಗುಚಿ, ಕೈಯ ಮಣ್ಣನ್ನು ಮೊಣಕಾಲಿಗೆ ಒರೆಸಿಕೊಂಡು ಬಂದಳು. ಸೊಂಟದಲ್ಲಿ ಮಗು.

"ಇದು ರೇಡಿಯೋನಾ ದೀದಿ?"

"ಅಲ್ಲ. ಇದು ಮಾತು ತುಂಬಿಸಿಕೊಳ್ಳುತ್ತೆ."

"ಯಾರ ಮಾತು?"

"ಯಾರಾದರೂ ಆಡಿದ್ದು."

ಹೆಂಗಸು ರೆಕಾರ್ಡರನ್ನೂ ಅಕ್ಕನನ್ನೂ ನೋಡಿದಳು. ಹಿಂದೆ ತಿರುಗಿ ಮುನ್ಷಿ ದೂರದಲ್ಲಿದ್ದಾನೆಂದು ಖಚಿತ ಮಾಡಿಕೊಂಡು ಕೆಳಗೆ ಕೂತಳು. "ಹಾಗಾದರೆ ನಂದು ತುಂಬಿಸಿಕೋ," ಎಂದಳು. "ನನ್ನ ಹತ್ರ ಬಹಳ ಇದೆ."

ಮೊದಲ ದಿನವೇ, ಕೇಳದೆಯೇ, ಒಬ್ಬಳು ತಾನಾಗಿ ಬಂದು ಕೂತಿದ್ದಳು. ಅಕ್ಕನಿಗೆ ಇದು ಒಂದು ಸೀಸನ್ ಪೂರ್ತಿ ಕಾದರೂ ಸಿಕ್ಕಿರಲಿಲ್ಲ. ನಾನು ಅವರ ಮುಖ ನೋಡಿದೆ. ತುಟಿಯಲ್ಲೇ ಫೂಲಮತಿ, ಸುಖಿಯಾ ಎಂದುಕೊಂಡರು. ಮಣ್ಣಿನ ಸಾಲುಗಳ ಕಡೆ ನೋಡಿದರು. ಒಂದೇ ಥರದ ಹಸಿ ಇಟ್ಟಿಗೆಗಳು ದೂರದ ಹೊಗೆಯವರೆಗೂ ಹಾಸಿಕೊಂಡಿದ್ದವು.

"ಬ್ಯಾಟರಿ ಖತಂ ಹೋ ಗಯೀ, ದೀದಿ," ಎಂದರು.

ಬಸ್ ನಿಲ್ದಾಣದಲ್ಲಿ ನಾನು ಹಾಕಿದ್ದು ಹೊಸ ಸೆಲ್. ಅವರ ತೊಡೆಯ ಮೇಲೆ ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಹೆಂಗಸು ಅದನ್ನು ನೋಡಿದಳೋ ಇಲ್ಲವೋ ಗೊತ್ತಿಲ್ಲ.

"ಅಚ್ಛಾ," ಎಂದು ಎದ್ದು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. "ನಾಳೆ ಹಾಕಿಸಿಕೊಂಡು ಬಾ. ನಾನು ಇದೇ ಸಾಲಿನಲ್ಲಿರ್ತೀನಿ."

ಅಕ್ಕ ಆಗಲಿ ಎಂಬಂತೆ ತಲೆಯಾಡಿಸಿದರು.